ಎರಡು ಬೀಗದ ಅಂಗಡಿ

ಬಂದ್ಯೋಡು

ಸಮುದ್ರ ದಾಟಿ ಬಂದವರು ಮೊದಲು ಸಮುದ್ರವನ್ನು ವರ್ಣಿಸುತ್ತಾರೆ. ನನಗೆ ಅದು ಸಾಧ್ಯವಿಲ್ಲ. ಧನುಷ್ಕೋಟಿಯಿಂದ ತಲೈಮನ್ನಾರಿಗೆ ಹಡಗು ಹೋಗುವಷ್ಟು ಹೊತ್ತೂ ನಾನು ನನ್ನ ಕರಿ ಕೋಟಿನ ತೋಳನ್ನು ಕೆಳಕ್ಕೆ ಎಳೆಯುತ್ತ ಕೂತಿದ್ದೆ.

ಇದನ್ನು ಬರೆಯುತ್ತಿರುವುದು ಹೋಗಿ ಬಂದು ಬಹಳ ವರ್ಷಗಳಾದ ಮೇಲೆ. ಆಗ ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಆಗ ನಾವು ಮದರಾಸಿನವರು. ಈಗ ನಮ್ಮ ಶಾಲೆಗೆ ತಿರುವನಂತಪುರದಿಂದ ಕಾಗದ ಬರುತ್ತದೆ. ಆಗ ಸಿಲೋನಿಗೆ ಹೋಗಲು ಟಿಕೇಟು ಸಾಕಿತ್ತು; ಈಗ ಪಾಸ್‌ಪೋರ್ಟು ಬೇಕು. ಈ ನಡುವೆ ಈ ಸಂಗತಿಯನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿದಷ್ಟೂ ಅದು ಹೊಳೆಯ ಕಲ್ಲಿನಂತೆ ನುಣುಪಾಗಿದೆ. ನುಣುಪಾದ ನೆನಪನ್ನು ನಾನು ನಂಬುವುದಿಲ್ಲ. ಆದ್ದರಿಂದ ನೆನಪಿಲ್ಲದ ಕಡೆ ನೆನಪಿಲ್ಲ ಎಂದೇ ಬರೆಯುತ್ತೇನೆ. ಓದುವವರಿಗೆ ಇದರಿಂದ ಸ್ವಲ್ಪ ಕಿರಿಕಿರಿಯಾಗಬಹುದು.

ನನ್ನನ್ನು ಕಳಿಸಿದವಳು ನಮ್ಮ ಊರಿನ ಚೆನ್ನಕ್ಕ. ಅವಳ ಅಣ್ಣ ದೂಮಣ್ಣ ಪ್ರಾಯದಲ್ಲೇ ಸಿಲೋನಿಗೆ ಹೋಗಿ, ಅಲ್ಲಿನ ಬೆಟ್ಟದ ಸೀಮೆಯ ಒಂದು ಪೇಟೆಯಲ್ಲಿ ಚಹಾದ ಅಂಗಡಿ ಹಾಕಿದ್ದ. ಅವಳ ಮಗ ಸಂಕಪ್ಪ ಮಾವನ ಜೊತೆಗೆ ಅದೇ ಅಂಗಡಿಯಲ್ಲಿ ಕೆಲಸಕ್ಕೆ ನಿಂತು ಅಲ್ಲಿಯೇ ನಡುವಯಸ್ಸು ದಾಟಿದ್ದ. ದೂಮಣ್ಣ ತೀರಿಕೊಂಡ ಸುದ್ದಿ ಬಂತು. ಅದರ ಹಿಂದೆಯೇ, ಅಲ್ಲಿಂದ ಊರಿಗೆ ಬಂದ ಕುಂಬಳೆಯ ಒಬ್ಬನ ಬಾಯಿಯಲ್ಲಿ ಇನ್ನೊಂದು ಸುದ್ದಿ: ಅಂಗಡಿಯನ್ನು ಆ ಪೇಟೆಯ ಪಟ್ಟಣಸಭೆ ಹಿಂದಕ್ಕೆ ತೆಗೆದುಕೊಳ್ಳುತ್ತದಂತೆ, ಯಾರಾದರೂ ಬಂದು ನಮ್ಮ ಕಟ್ಟು ಏನೆಂದು ಹೇಳಬೇಕಂತೆ.

ನಮ್ಮ ಕಟ್ಟು ಎಂದರೆ ಅಳಿಯಸಂತಾನ. ಮನೆ ತಾಯಿಯ ಕಡೆಯಿಂದ ನಡೆಯುತ್ತದೆ. ಗಂಡಸಿನ ಸೊತ್ತು ಅವನ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ಅವನ ಹೆಂಡತಿ ಮಕ್ಕಳು ಹೆಂಡತಿಯ ಮನೆಯವರು; ಅವನು ಸತ್ತರೆ ಸೂತಕವೂ ಅವರಿಗಿಲ್ಲ.

ಚೆನ್ನಕ್ಕ ಶಾಲೆಯ ಜಗಲಿಗೇ ಬಂದಳು. ನಾನು ಮಾಸ್ತರಿಕೆಯ ಜೊತೆಗೆ ಪಂಚಾಯತು ಬೋರ್ಡಿನ ಸದಸ್ಯನೂ ಆಗಿದ್ದೆ.

"ಮಾಸ್ಟ್ರೇ, ನಿಮಗೆ ಇಂಗ್ಲಿಷ್ ಬರ್ತದೆ. ಬೋರ್ಡಿನವರು ಬೇರೆ. ಅಲ್ಲಿಯೂ ಬೋರ್ಡೇ ಅಂತೆ ತೀರ್ಮಾನ ಮಾಡುವುದು. ಬೋರ್ಡಿನವರ ಮಾತು ಬೋರ್ಡಿನವರಿಗೆ ಅರ್ಥ ಆಗ್ತದೆ."

"ನಮ್ಮ ಬೋರ್ಡಿನ ಮಾತು ನಮಗೇ ಅರ್ಥ ಆಗುವುದಿಲ್ಲ ಚೆನ್ನಕ್ಕ."

"ತಮಾಷೆ ಬೇಡ. ಅಣ್ಣನ ಅಂಗಡಿ ಅಳಿಯನಿಗೆ ಬರ್ಬೇಕಾದ್ದು. ಅದನ್ನು ಅಲ್ಲಿ ಹೇಳುವವರು ಒಬ್ಬರು ಬೇಡ್ವಾ? ನನ್ನ ಮಗನಿಗೆ ಈ ಪ್ರಾಯದಲ್ಲಿ ಬೇರೆ ಎಂತ ಕೆಲಸ ಬರ್ತದೆ?"

ಅವಳು ಕೂತುಕೊಳ್ಳಲಿಲ್ಲ. ನಾನು ಹೂಂ ಎನ್ನುವ ತನಕ ಕಂಬ ಹಿಡಿದು ನಿಂತೇ ಇದ್ದಳು. ಹಾಗೆಂದು ನನ್ನ ನೆನಪು.

ಮಂಡಪಂ

ರೈಲಿನ ಮೂರನೆಯ ದರ್ಜೆಯಲ್ಲಿ ಸಿಲೋನಿಗೆ ಹೋಗುವವರನ್ನು ಮಂಡಪದಲ್ಲಿ ಇಳಿಸಿ ಒಂದು ಕ್ಯಾಂಪಿನಲ್ಲಿ ಕೂಡಿಹಾಕುತ್ತಿದ್ದರು. ನಮ್ಮ ಮೈಯಲ್ಲಿ ಕಾಲರಾ, ಸಿಡುಬು ಇಲ್ಲವೆಂದು ಆ ದೇಶದ ಸರಕಾರಕ್ಕೆ ನಂಬಿಕೆಯಾಗುವ ತನಕ ಅಲ್ಲಿರಬೇಕು. ನನ್ನ ಸುತ್ತ ಇದ್ದವರು ಚಹಾ ತೋಟಗಳಿಗೆ ಹೋಗುವ ತಮಿಳು ಕೂಲಿಗಳು. ಅವರಿಗೆ ಇದೆಲ್ಲ ರೂಢಿ. ನನಗೆ ಅಲ್ಲ.

ಮೊದಲ ದಿನವೇ ಎಲ್ಲರ ಬಟ್ಟೆಗಳನ್ನೂ ಒಟ್ಟು ಮಾಡಿ ಹಬೆಯ ಪೆಟ್ಟಿಗೆಗೆ ಹಾಕಿದರು. ನನ್ನ ಕರಿ ಕೋಟನ್ನೂ ಹಾಕಿದರು. ಅದು ಉಣ್ಣೆಯದು, ಹಾಕಬೇಡಿ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅಲ್ಲಿದ್ದ ಗುಮಾಸ್ತ ಅಷ್ಟೇ ಒಳ್ಳೆಯ ಇಂಗ್ಲಿಷಿನಲ್ಲಿ, ಸಿಡುಬಿಗೆ ಉಣ್ಣೆ ಹತ್ತಿ ಎಂಬ ಭೇದವಿಲ್ಲ ಎಂದ. ಕೋಟು ಹೊರಗೆ ಬಂದಾಗ ಅದರ ತೋಳು ನನ್ನ ಮೊಣಕೈಯಿಂದ ಸ್ವಲ್ಪವೇ ಕೆಳಗೆ ನಿಲ್ಲುತ್ತಿತ್ತು.

ನನ್ನ ಪಕ್ಕದ ಚಾಪೆಯಲ್ಲಿದ್ದ ಮುದುಕಿ ಅದನ್ನು ನೋಡಿ ತಮಿಳಿನಲ್ಲಿ ಏನೋ ಹೇಳಿದಳು. ನಮ್ಮ ಕಡೆಯ ಮಲಯಾಳದ ಬಲದಿಂದ ನಾನು ಅರ್ಧ ಅರ್ಥ ಮಾಡಿಕೊಂಡೆ. ಕೂಸಿಗೆ ಕೊಡು, ಎಂದಿರಬೇಕು. ಆಕೆ ತನ್ನ ಗಂಡನನ್ನು ತೋಟದಲ್ಲೇ ಸುಟ್ಟು, ಊರಿಗೆ ಬಂದು, ಊರಿನಲ್ಲಿ ತನ್ನವರು ಯಾರೂ ಇಲ್ಲದ್ದನ್ನು ಕಂಡು ಮತ್ತೆ ತೋಟಕ್ಕೆ ಹೊರಟವಳು. ತನ್ನ ಪಾತ್ರೆಗಳನ್ನು ಒಂದೊಂದಾಗಿ ಒರಸಿ ಮತ್ತೆ ಅದೇ ಗಂಟಿನಲ್ಲಿ ಕಟ್ಟುತ್ತಿದ್ದಳು. ನನಗೆ ಮಂಡಪಂ ಎಂದರೆ ಆ ಪಾತ್ರೆಗಳ ಸದ್ದು.

ಹಡಗು

ಹಾರುವ ಮೀನುಗಳನ್ನು ಕಂಡೆ ಎಂದು ನಾನು ಶಾಲೆಯ ಮಕ್ಕಳಿಗೆ ಹೇಳುವುದುಂಟು. ಕಂಡಿರಲಿಕ್ಕಿಲ್ಲ. ಬೇರೆ ಯಾರೋ ಹೇಳಿದ್ದನ್ನು ನನ್ನ ಹಡಗಿಗೆ ಸೇರಿಸಿಕೊಂಡಿದ್ದೇನೆ ಎಂದು ಈಗ ಅನಿಸುತ್ತದೆ. ಕೋಟಿನ ತೋಳನ್ನು ಎಳೆದದ್ದು ಮಾತ್ರ ನಿಜ.

ಪೇಟೆ

ಆ ಪೇಟೆಯ ಹೆಸರನ್ನು ಬರೆಯುವುದಿಲ್ಲ. ಅಲ್ಲಿನ ಕೆಲವರು ಇನ್ನೂ ಇರಬಹುದು. ರೈಲು ಬೆಟ್ಟ ಹತ್ತಿ ನಿಂತಾಗ ಸಣ್ಣ ಮಳೆ ಇತ್ತು. ಸಂಕಪ್ಪ ಸ್ಟೇಷನ್ನಿಗೆ ಬಂದಿದ್ದ. ತಲೆ ಬೋಳಿಸಿದ್ದು ಇನ್ನೂ ಪೂರ್ತಿ ಬೆಳೆದಿರಲಿಲ್ಲ. ಅವನ ತುಳುವಿನಲ್ಲಿ ಒಂದು ವಿಚಿತ್ರವಾದ ರಾಗ ಬಂದುಬಿಟ್ಟಿತ್ತು. ಆ ರಾಗವನ್ನು ನಾನು ಇಲ್ಲಿ ಬರೆಯಲಾರೆ.

"ಕೋಟು ಎಂತ ಮಾಸ್ಟ್ರೇ, ಮಗನದ್ದು ಹಾಕಿಕೊಂಡು ಬಂದಿರಾ?"

ಅವನು ನಗದೆ ಕೇಳಿದ್ದರಿಂದ ನಾನೂ ನಗದೆ ಕಾರಣ ಹೇಳಿದೆ.

ಮೊದಲು ಅಂಗಡಿ ನೋಡೋಣ ಎಂದ. ಪಟ್ಟಣಸಭೆಯವರೇ ಕಟ್ಟಿಸಿದ ತಗಡಿನ ಮಾಡಿನ ಉದ್ದನೆಯ ಮಾರುಕಟ್ಟೆ. ಮೀನು ಒಂದು ಕಡೆ, ತರಕಾರಿ ಒಂದು ಕಡೆ, ಕೊನೆಯಲ್ಲಿ ಚಹಾ, ವೀಳ್ಯ, ಹೊಗೆಸೊಪ್ಪು. ನೆಲ ತೊಳೆದಿತ್ತು. ನಮ್ಮ ಬಂದ್ಯೋಡಿನ ಸಂತೆಯಲ್ಲಿ ನೆಲವನ್ನು ಮಳೆ ಮಾತ್ರ ತೊಳೆಯುತ್ತದೆ. ಬೋರ್ಡಿನ ಸದಸ್ಯನಾಗಿ ನನಗೆ ನಾಚಿಕೆಯಾಯಿತು. ಕೊನೆಯಿಂದ ಎರಡನೆಯ ಅಂಗಡಿಯ ಬಾಗಿಲಿಗೆ ಎರಡು ಬೀಗಗಳಿದ್ದವು. ಒಂದು ಹಳೆಯದು, ಹಿತ್ತಾಳೆಯದು. ಇನ್ನೊಂದು ಹೊಸದು, ಅರಗಿನ ಮುದ್ರೆ ಹಾಕಿದ್ದು.

"ಹಳತು ನನ್ನದು. ಹೊಸತು ಸಭೆಯವರದ್ದು."

"ಸಭೆಯವರು ಯಾಕೆ ಹಾಕಿದರು?"

"ನಾನು ಹಾಕಿದ್ದಕ್ಕೆ."

ಸಂಗತಿ ಇಷ್ಟು. ಮಾವ ಸತ್ತ ದಿನ ಸಂಕಪ್ಪ ಅಂಗಡಿಗೆ ಬೀಗ ಹಾಕಿದ. ಚಿತೆಗೆ ಬೆಂಕಿ ಕೊಟ್ಟವನು ಅವನು, ಸೂತಕ ಅವನಿಗೆ. ಹದಿನಾರನೆಯ ದಿನ ಬೊಜ್ಜ ಎಂಬ ಉತ್ತರಕ್ರಿಯೆ ಮಾಡಿ ಶುದ್ಧವಾಗುವ ತನಕ ಅವನು ವ್ಯಾಪಾರ ಮುಟ್ಟುವಂತಿರಲಿಲ್ಲ. ಊರಿನಲ್ಲಿ ಹಿರಿಯರು ಹೇಗೆ ಮಾಡುತ್ತಾರೋ ಒಂದೂ ಬಿಡದೆ ಹಾಗೆಯೇ ಮಾಡಿದ. ಆದರೆ ಆ ಸಭೆಯ ಕಾನೂನಿನಲ್ಲಿ, ಎರಡು ವಾರಕ್ಕಿಂತ ಹೆಚ್ಚು ಮುಚ್ಚಿದ ಅಂಗಡಿ ಸಭೆಗೆ ಹಿಂದಿರುಗುತ್ತದೆ. ಬೊಜ್ಜದ ಮರುದಿನ ಮಿಂದು, ಹೊಸ ವಸ್ತ್ರ ಉಟ್ಟು ಬಂದಾಗ ತನ್ನ ಬೀಗದ ಪಕ್ಕದಲ್ಲಿ ಇನ್ನೊಂದು ಬೀಗವನ್ನು ಕಂಡ.

"ಆ ದಿವಸಗಳಲ್ಲಿ ತೆರೆಯುವವರು ಬೇರೆ ಯಾರೂ ಇರಲಿಲ್ಲವಾ?" ಎಂದು ಕೇಳಿದೆ.

ಅವನು ಹಳೆಯ ಬೀಗವನ್ನು ಒಮ್ಮೆ ಜಗ್ಗಿ ನೋಡಿದ. "ಆ ಹೆಂಗಸು ಬಂದಿದ್ದಳು. ಬೀಗದ ಕೈ ಕೊಡು ಅಂದಳು. ನಾನು ಕೊಡಲಿಲ್ಲ. ಅಂಗಡಿ ತೆರೀಲಿಕ್ಕೆ ಅಲ್ಲದೆ ಮತ್ತೆ ಎಂತಕ್ಕೆ ಕೇಳುವುದು? ನಮ್ಮ ಮನೆಯ ವ್ಯಾಪಾರ ಅವಳು ಯಾಕೆ ಮಾಡ್ಬೇಕು?"

ಆ ಹೆಂಗಸು ಎಂದರೆ ದೂಮಣ್ಣನ ಹೆಂಡತಿ, ಪೊಡಿಮೆನಿಕೆ. ಸಿಂಹಳದವಳು.

ಪೊಡಿಮೆನಿಕೆಯ ಮನೆ

ಅವಳ ಮನೆ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿತ್ತು. ಅದು ಅವಳ ತಾಯಿಯ ಮನೆ. ದೂಮಣ್ಣ ಬದುಕಿದಷ್ಟು ಕಾಲವೂ ಅಲ್ಲಿಯೇ ಇದ್ದ. ಸಂಕಪ್ಪ ಅಂಗಡಿಯ ಹಿಂದಿನ ಒಂದು ಕೋಣೆಯಲ್ಲಿ. ನಾನು ಅವನೊಂದಿಗೆ ಮರ್ಯಾದೆಗೆಂದು ಹೋದೆ; ಅವನು ಹೊಸ್ತಿಲ ಹೊರಗೆ ನಿಂತ, ನಾನು ಒಳಗೆ ಕೂತೆ.

ಬಿಳಿ ಸೀರೆ ಉಟ್ಟ, ಎತ್ತರದ ಹೆಂಗಸು. ಮುಖವನ್ನು ನೆನಪಿಸಿಕೊಳ್ಳಲು ಹೋದರೆ ಮಂಡಪದ ಆ ಮುದುಕಿಯ ಮುಖ ಬರುತ್ತದೆ, ಆದ್ದರಿಂದ ಬಿಡುತ್ತೇನೆ. ಮದುವೆಯ ಪ್ರಾಯದ ಮಗಳು ಚಹಾ ತಂದಿಟ್ಟಳು. ಹಾಲಿಲ್ಲ, ಸಕ್ಕರೆಯೂ ಇಲ್ಲ. ಜೊತೆಗೆ ಒಂದು ತುಂಡು ಬೆಲ್ಲ. ನಾನು ಬೆಲ್ಲವನ್ನು ಚಹಾಕ್ಕೆ ಹಾಕಿ ಕದಡಿದೆ. ಮಗಳು ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಬೆಲ್ಲವನ್ನು ಅಂಗೈಯಲ್ಲಿಟ್ಟುಕೊಂಡು ಕಚ್ಚುತ್ತ ಚಹಾವನ್ನು ಬರಿದೇ ಕುಡಿಯಬೇಕಂತೆ. ನಮ್ಮಲ್ಲಿ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು ಇದ್ದೇ ಇದೆಯಲ್ಲ. ಅದನ್ನು ಯಾರೂ ಕದಡುವುದಿಲ್ಲ. ನನಗೆ ಗೊತ್ತಿರಬೇಕಾಗಿತ್ತು.

ಅವಳಿಗೂ ನನಗೂ ಸಾಮಾನ್ಯವಾದ ಭಾಷೆ ಇರಲಿಲ್ಲ. ಹೊರಡುವಾಗ ನಾನು ಕೈ ಮುಗಿದೆ. ಅವಳು ಹೇಳಿದ ಮಾತನ್ನು ಸಂಕಪ್ಪ ಹೊರಗಿನಿಂದ ತಿರುಗಿಸಿದ: "ಹೋಗಿ ಬನ್ನಿ ಅಂತ. ಇವರೂ ನಮ್ಮ ಹಾಗೆ, ಹೋಗಿ ಅಂತ ಮಾತ್ರ ಹೇಳುವುದಿಲ್ಲ."

ಕಚೇರಿಯ ಜಗಲಿ

ಪಟ್ಟಣಸಭೆಯ ದುಭಾಷಿ ಸಿನ್ನತಂಬಿ ಎಂಬ ಜಾಫ್ನಾದ ತಮಿಳರು. ಸಭೆ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು; ಇಂಗ್ಲಿಷ್ ಬಾರದವರ ಮಾತನ್ನು ಇವರು ತಿರುಗಿಸುತ್ತಿದ್ದರು. ಸಭೆಯ ಹಿಂದಿನ ದಿನ ನಾನು ಊರಿನಿಂದ ಬರೆದು ತಂದಿದ್ದ ಅರ್ಜಿಯನ್ನು ಅವರಿಗೆ ತೋರಿಸಿದೆ. ಅಳಿಯಸಂತಾನದ ಬಗ್ಗೆ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಮೂರು ಪುಟ. ಅವರು ಪೂರ್ತಿ ಓದಿದರು.

"ಬಹಳ ಚೆನ್ನಾಗಿದೆ. ಆದರೆ ನಮ್ಮ ನಿಯಮದಲ್ಲಿ ತಂಗಿಯ ಮಗ ಎಂಬವನಿಲ್ಲ. ಅಂಗಡಿಯವನು ಸತ್ತರೆ ಅಂಗಡಿ ಹೆಂಡತಿಗೆ, ಹೆಂಡತಿ ಇಲ್ಲದಿದ್ದರೆ ಮಕ್ಕಳಿಗೆ. ಈ ಮೂರು ಪುಟ ಓದಿದ ಮೇಲೂ ಅಷ್ಟೇ."

ನಾನು ಸಮುದ್ರ ದಾಟಿ ಬಂದ ಕೆಲಸ ಆ ಜಗಲಿಯಲ್ಲೇ ಮುಗಿಯಿತು.

"ಈಗ ಉಳಿದಿರುವುದು ಒಂದೇ ಪ್ರಶ್ನೆ," ಎಂದರು. "ಅಂಗಡಿ ಹೆಂಡತಿಗೆ ಹೋಗುತ್ತದೋ, ಹರಾಜಿಗೆ ಹೋಗುತ್ತದೋ. ಸಾವಿನಿಂದ ಮನೆಯವರು ಯಾರೂ ಬಾಗಿಲು ತೆರೆಯುವ ಸ್ಥಿತಿಯಲ್ಲಿ ಇರಲಿಲ್ಲ ಎಂದಾದರೆ ಸಭೆ ಕ್ಷಮಿಸಬಹುದು. ತೆರೆಯಬಹುದಾದ ಒಬ್ಬರಾದರೂ ಇದ್ದರು ಎಂದಾದರೆ ಹರಾಜು. ನಿಮ್ಮವನನ್ನು ಅದನ್ನೇ ಕೇಳುತ್ತಾರೆ. ಬೀಗ ಹಾಕಿದವನು ಅವನು."

ನಾನು ಸಂಕಪ್ಪನನ್ನು ಹೊಳೆಯ ದಡಕ್ಕೆ ಕರೆದುಕೊಂಡು ಹೋಗಿ ಬಿಡಿಸಿ ಹೇಳಿದೆ. ಹರಾಜಾದರೆ ಹೆಚ್ಚು ಕೂಗುವವನು ಬರುತ್ತಾನೆ. ಪೊಡಿಮೆನಿಕೆಯೂ ಬೀದಿಗೆ, ಅವನೂ ಬೀದಿಗೆ. ಅವಳಿಗೆ ಅಂಗಡಿ ಬಂದರೆ ಅವನಿಗೆ ಅಲ್ಲಿ ಒಂದು ಒಲೆಯಾದರೂ ಉಳಿದೀತು. ಆದ್ದರಿಂದ, ಅವಳಿಗೂ ಸೂತಕ ಇತ್ತು ಎಂದು ಹೇಳಿದರೆ ಸಾಕು.

"ಇಲ್ಲದ ಸೂತಕ ಇತ್ತು ಅಂತ ಹೇಗೆ ಹೇಳುವುದು ಮಾಸ್ಟ್ರೇ?"

"ಒಂದು ಮಾತು ಮಾರಾಯ. ಇವರಿಗೆ ಎಂತ ಗೊತ್ತಾಗ್ತದೆ?"

"ಇವರಿಗೆ ಗೊತ್ತಾಗುವುದಿಲ್ಲ. ಮಾವನಿಗೆ?" ಅವನು ನೀರಿನ ಕಡೆ ತಿರುಗಿ ನಿಂತ. ಅದೇ ದಡದಲ್ಲಿ ಚಿತೆ ಉರಿದಿದ್ದು. "ಅವಳಿಗೆ ಸೂತಕ ಇತ್ತು ಅಂತಾದ್ರೆ ಅವಳನ್ನು ಹೊರಗೆ ನಿಲ್ಲಿಸಿ ನಾನು ಮಾಡಿದ ಬೊಜ್ಜ ಬೊಜ್ಜವೇ ಅಲ್ಲ. ಮಾವ ಇನ್ನೂ ದಾರಿಯಲ್ಲಿ ನಿಂತಿದ್ದಾನೆ ಅಂತ ಆಗ್ತದೆ. ಅಂಗಡಿಗೋಸ್ಕರ ಅದನ್ನು ಹೇಳ್ಲಾ ನಾನು?"

 

ಸಭೆ

ನಮ್ಮ ಬೋರ್ಡಿನ ಸಭೆ ಹೀಗೆ: ನಿರ್ಣಯಗಳನ್ನು ಮೊದಲೇ ಬರೆದಿಟ್ಟಿರುತ್ತಾರೆ. ಅವಲಕ್ಕಿ, ಕಾಫಿ ಆಗುತ್ತದೆ. ಅಧ್ಯಕ್ಷರು "ಎಂತ, ಎಲ್ಲರಿಗೂ ಸರಿ ಅಲ್ವಾ?" ಎನ್ನುತ್ತಾರೆ. ಬಾಯಲ್ಲಿ ವೀಳ್ಯ ಇರುವುದರಿಂದ ಯಾರೂ ಉತ್ತರ ಕೊಡುವುದಿಲ್ಲ. ರುಜು ಹಾಕಿ ಹೊರಡುತ್ತೇವೆ.

ಅಲ್ಲಿ ಉದ್ದನೆಯ ಮೇಜು, ಎತ್ತರದ ಕುರ್ಚಿಯಲ್ಲಿ ವಕೀಲರಾದ ಅಧ್ಯಕ್ಷರು, ಎರಡೂ ಬದಿಯಲ್ಲಿ ಸದಸ್ಯರು. ಸಾರ್ವಜನಿಕರಿಗೆ ಹಿಂದೆ ಬೆಂಚುಗಳು. ಅಂದಿನ ವಿಷಯಗಳಲ್ಲಿ ಒಂದು ಓಣಿಯ ದೀಪದ ಕಂಬ. ಅದನ್ನು ಓಣಿಯ ಬಾಯಲ್ಲಿ ನೆಡಬೇಕೋ ತಿರುವಿನಲ್ಲಿ ನೆಡಬೇಕೋ ಎಂದು ಬಿಳಿ ಮೀಸೆಯ ಒಬ್ಬ ಹಿರಿಯ ಸದಸ್ಯರೂ, ಬಸ್ಸುಗಳ ಮಾಲಿಕರಾದ ಇನ್ನೊಬ್ಬರೂ ಬಹಳ ಹೊತ್ತು ವಾದಿಸಿದರು. ಒಂದು ಕಂಬದ ಬಗ್ಗೆ ಎರಡು ಅಭಿಪ್ರಾಯ ಇರಬಹುದು ಎಂಬುದೇ ನನಗೆ ಹೊಸದು. ಆಮೇಲೆ ನೀರಿನ ಕೊಳವೆ. ಆಮೇಲೆ ಎತ್ತಿನಗಾಡಿಯ ತೆರಿಗೆ ಇಳಿದುಹೋದದ್ದು, ಬೊಕ್ಕಸದಲ್ಲಿ ಕೊರತೆ ಬಿದ್ದದ್ದು. ಪೊಡಿಮೆನಿಕೆ ಬೆಂಚಿನ ಆ ತುದಿಯಲ್ಲಿ, ನಾವು ಈ ತುದಿಯಲ್ಲಿ. ಕೊರತೆಯ ಮಾತು ಬಂದಾಗ ಸಂಕಪ್ಪ ನನ್ನ ಕಿವಿಯಲ್ಲಿ, "ಏಲಂ ಮಾಡ್ತಾರೆ, ನೋಡಿ," ಎಂದ.

ನಮ್ಮ ವಿಷಯ ಬಂತು. ಕಾರ್ಯದರ್ಶಿ ನನ್ನ ಮೂರು ಪುಟಗಳನ್ನು ಓದಿದರು. ನಾನು ಗೌರವಕ್ಕೆ ಎದ್ದು ನಿಂತೆ. ನನ್ನ ಕೋಟಿನ ತೋಳನ್ನು ಇಡೀ ಸಭೆ ನೋಡಿತು.

"ಕುತೂಹಲಕರ," ಎಂದರು ಬಸ್ಸಿನ ಮಾಲಿಕರು. "ಇದು ನಮ್ಮ ಎಷ್ಟನೆಯ ನಿಯಮದಡಿ ಬರುತ್ತದೆ?"

ಯಾವುದರಡಿಯೂ ಬರುವುದಿಲ್ಲ ಎಂದರು ಅಧ್ಯಕ್ಷರು, ಅಪಹಾಸ್ಯವಿಲ್ಲದೆ. ಹೊರಗಿನವರಿಗೆ ಮಾತಿಗೆ ಅವಕಾಶವಿಲ್ಲವೆಂದು ನನ್ನನ್ನು ಕೂರಿಸಿದರು. ಬೊಕ್ಕಸದ ಸ್ಥಿತಿ ಈಗಷ್ಟೇ ಕೇಳಿದ್ದೇವೆ, ಹರಾಜು ಹಾಕಿದರೆ ಬಾಡಿಗೆ ಹೆಚ್ಚುತ್ತದೆ, ಅದನ್ನು ಪಡೆಯುವುದು ಸಭೆಯ ಕರ್ತವ್ಯ ಎಂದರು ಬಸ್ಸಿನ ಮಾಲಿಕರು. ಅದು ತಪ್ಪು ಮಾತಲ್ಲ. ನಮ್ಮ ಬೋರ್ಡಿನಲ್ಲಿ ನಾನೂ ಅದನ್ನೇ ಹೇಳುತ್ತಿದ್ದೆ. ಸಾವಿನ ಮನೆಗೆ ನಿಯಮದಲ್ಲಿ ಕ್ಷಮೆ ಇದೆಯಲ್ಲ ಎಂದರು ಹಿರಿಯರು.

ಅಧ್ಯಕ್ಷರು ಸಂಕಪ್ಪನನ್ನು ಮುಂದಕ್ಕೆ ಕರೆದರು. ಪ್ರಶ್ನೆ ಇಂಗ್ಲಿಷಿನಲ್ಲಿ ಬಂತು, ಸಿನ್ನತಂಬಿಯವರು ಸಿಂಹಳಕ್ಕೆ ತಿರುಗಿಸಿದರು. ಬೀಗ ಹಾಕಿದ್ದ ದಿನಗಳಲ್ಲಿ ಸತ್ತವನ ಮನೆಯಲ್ಲಿ ಅಂಗಡಿ ತೆರೆಯಲು ಅಡ್ಡಿಯಿಲ್ಲದವರು ಯಾರಾದರೂ ಇದ್ದರೇ?

ಸಂಕಪ್ಪ ಸಿಂಹಳದಲ್ಲಿ ಏನೋ ಹೇಳಿದ. ಸಿನ್ನತಂಬಿಯವರು ಅವನ ಮುಖ ನೋಡಿದರು, ಅದನ್ನೇ ಮತ್ತೆ ಕೇಳಿದರು. ಅವನು ಮತ್ತೆ ಅದನ್ನೇ ಹೇಳಿದ. ಅವರು ಅದನ್ನು ಇಂಗ್ಲಿಷಿಗೆ ತಿರುಗಿಸಿದರು:

"ಹೆಂಡತಿ ಇದ್ದಳು. ನಮ್ಮ ಕಟ್ಟಿನಲ್ಲಿ ಆಕೆಗೆ ಸೂತಕವಿಲ್ಲ. ಆಕೆ ಬಂದು ಬೀಗದ ಕೈ ಕೇಳಿದಳು. ನಾನು ಕೊಡಲಿಲ್ಲ."

ಬಸ್ಸಿನ ಮಾಲಿಕರು ಕುರ್ಚಿಗೆ ಒರಗಿದರು. ಕಾರ್ಯದರ್ಶಿ ಬರೆದುಕೊಳ್ಳತೊಡಗಿದರು. ಮಾತು ಮುಗಿದ ಹಾಗೆಯೇ. ಆಗ ಬೆಂಚಿನ ಆ ತುದಿಯಲ್ಲಿ ಪೊಡಿಮೆನಿಕೆ ಎದ್ದು ನಿಂತಳು.

ಕೂರುವಂತೆ ಜವಾನ ಸನ್ನೆ ಮಾಡಿದ. ಆಕೆಯ ಹೆಸರು ಬಂದಿದೆ, ಆಕೆ ಮಾತಾಡಲಿ ಎಂದರು ಹಿರಿಯ ಸದಸ್ಯರು. ಅವಳು ಹೇಳಿದ್ದು ಸಿಂಹಳದಲ್ಲಿ, ನಾನು ಕೇಳಿದ್ದು ಇಂಗ್ಲಿಷಿನಲ್ಲಿ, ಊರಿನಲ್ಲಿ ಹೇಳಿದ್ದು ತುಳುವಿನಲ್ಲಿ, ಈಗ ಬರೆಯುವುದು ಕನ್ನಡದಲ್ಲಿ. ಇದರಲ್ಲಿ ಅವಳ ಮಾತು ಎಷ್ಟು ಉಳಿದಿದೆಯೋ ತಿಳಿಯದು.

"ಬೀಗದ ಕೈ ಕೇಳಿದ್ದು ಹೌದು. ವ್ಯಾಪಾರಕ್ಕಲ್ಲ. ನನ್ನ ಗಂಡನ ಕೊಡೆ ಅಂಗಡಿಯೊಳಗಿತ್ತು."

ಕೊಡೆ ಎಂದಾಗ ಒಬ್ಬ ಸದಸ್ಯರು ನಕ್ಕರು. ಹಿರಿಯರು ಅವರ ಕಡೆ ತಿರುಗಿ ನೋಡಿದ ಮೇಲೆ ನಗು ನಿಂತಿತು. ಆ ನಗು ಯಾಕೆಂದು ನನಗೆ ಆಗ ತಿಳಿಯಲಿಲ್ಲ.

"ಏಳನೆಯ ದಿನದ ದಾನದಲ್ಲಿ ಅದನ್ನು ಭಿಕ್ಷುಗಳಿಗೆ ಕೊಡಬೇಕೆಂದಿದ್ದೆ. ಆ ದಿನಗಳಲ್ಲಿ ನನ್ನ ಮನೆಯಲ್ಲಿ ಒಲೆ ಹೊತ್ತಿಸಿರಲಿಲ್ಲ, ಓಣಿಯವರು ಅನ್ನ ತಂದು ಕೊಡುತ್ತಿದ್ದರು. ಮನೆಯ ಒಲೆ ಹೊತ್ತಿಸದವಳು ಅಂಗಡಿಗೆ ಹೋಗಿ ಚಹಾ ಕಾಯಿಸುತ್ತಾಳೆಯೇ?"

ಅಧ್ಯಕ್ಷರು ಸಂಕಪ್ಪನನ್ನು ಕೇಳಿದರು: ಆಕೆ ಬೀಗದ ಕೈ ಕೇಳಿದ್ದು ಕೊಡೆಗಾಗಿಯೇ?

ಸಂಕಪ್ಪ ಮೊದಲ ಬಾರಿಗೆ ತಿರುಗಿ ಅವಳನ್ನು ನೋಡಿದ.

"ಯಾಕೆ ಅಂತ ನಾನು ಕೇಳಲಿಲ್ಲ," ಎಂದ.

ಸಾವಿನ ಮನೆಯಲ್ಲಿ ಬಾಗಿಲು ತೆರೆಯುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ ಎಂದು ಸಭೆ ಒಪ್ಪುತ್ತದೆಯೇ ಎಂದು ಅಧ್ಯಕ್ಷರು ಕೇಳಿದರು. ಕೈಗಳು ಎದ್ದವು. ಬಸ್ಸಿನ ಮಾಲಿಕರ ಕೈ ಏಳಲಿಲ್ಲ, ಆದರೆ ಅವರು ವಿರೋಧಿಸಲೂ ಇಲ್ಲ. ಅಂಗಡಿ ಪೊಡಿಮೆನಿಕೆಯ ಹೆಸರಿಗಾಯಿತು. ಕಾರ್ಯದರ್ಶಿ ಹಾಳೆ ಮಗುಚಿ ಮುಂದಿನ ವಿಷಯ ಓದಿದರು: ಬೀದಿನಾಯಿಗಳು.

ಹೊರಗೆ

ನಗುವಿನ ಕಾರಣವನ್ನು ಸಿನ್ನತಂಬಿಯವರು ಮೆಟ್ಟಿಲ ಬಳಿ ಹೇಳಿದರು. ಆ ಬೆಟ್ಟದ ಸೀಮೆಯಲ್ಲಿ ಹೆಂಡತಿಯ ಮನೆಗೆ ಬಂದು ನೆಲೆಸುವ ಗಂಡಂದಿರಿದ್ದಾರೆ. ಅಂಥವನು ಕೊಡೆ, ಕೋಲು, ದೀಪ ಮೂರನ್ನೂ ಬಾಗಿಲ ಹತ್ತಿರವೇ ಇಟ್ಟುಕೊಳ್ಳಬೇಕು ಎಂದು ಹಳಬರ ಮಾತು. ಹೆಂಡತಿ ಯಾವ ಹೊತ್ತಿನಲ್ಲಿ ಹೊರಡು ಎನ್ನುತ್ತಾಳೋ ಗೊತ್ತಿಲ್ಲವಂತೆ. ನಮ್ಮ ಕಟ್ಟನ್ನು ಮೂರು ಪುಟಗಳಲ್ಲಿ ವಿವರಿಸಲು ನಾನು ಬಂದಿದ್ದೆ. ಅವರು ಅದನ್ನು ಒಂದು ಕೊಡೆಯಲ್ಲಿ ಮುಗಿಸಿದ್ದರು.

ಸಂಕಪ್ಪ ಬಹಳ ಮುಂದೆ ಹೋಗಿದ್ದ. ನಾನು ಓಡಿ ಹೋಗಿ ಸೇರಿಕೊಂಡೆ.

"ಕೊಡೆ ಉಂಟಾ ಒಳಗೆ?"

ಅವನು ನಡೆಯುತ್ತಲೇ ಹೇಳಿದ: "ಮಾವ ಕೊಡೆ ಹಿಡಿದದ್ದು ನಾನು ಒಂದು ದಿವಸ ನೋಡ್ಲಿಲ್ಲ. ಮಳೆ ಬಂದ್ರೆ ತಲೆಗೊಂದು ಗೋಣಿ ಹಾಕಿಕೊಂಡು ಹೋಗುವುದು. ಕೊಡೆ ದೊಡ್ಡವರಿಗೆ ಅಂತ ಹೇಳ್ತಿದ್ದ."

"ಹಾಗಾದರೆ ಅವಳು ಸುಳ್ಳು ಹೇಳಿದಳು."

"ಹಾಗೆ ನಾನು ಹೇಳ್ಲಿಲ್ಲ ಮಾಸ್ಟ್ರೇ." ಸ್ವಲ್ಪ ದೂರ ಹೋದ ಮೇಲೆ, "ಒಲೆ ಹೊತ್ತಿಸದ್ದು ಸುಳ್ಳಲ್ಲ. ಆ ಓಣಿಯಲ್ಲಿ ಹೊಗೆ ಇರ್ಲಿಲ್ಲ. ನಾನು ಅದನ್ನು ನೋಡಿಯೂ ನೋಡ್ಲಿಲ್ಲ," ಎಂದ.

ಊರಿಗೆ ಬಂದ ಮೇಲಿನ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಎಲ್ಲವನ್ನೂ ಕೇಳಿ ಚೆನ್ನಕ್ಕ, "ಅವಳಿಗೂ ಸೂತಕ ಇತ್ತು ಅಂತ ಅಲ್ಲಿನ ಬೋರ್ಡು ಕೈ ಎತ್ತಿ ಹೇಳಿತಾ?" ಎಂದು ಕೇಳಿದಳು. ಹೌದು ಎಂದೆ. "ಹಾಗಾದ್ರೆ ಇನ್ನೊಂದು ಬೊಜ್ಜ ಬೋರ್ಡಿನವರೇ ಮಾಡ್ಲಿ," ಎಂದಳು. ಎದ್ದು ಹೋಗುತ್ತ ತಿರುಗಿ, "ಹುಡುಗಿ ಅಣ್ಣನ ಹಾಗೆ ಉಂಟಾ?" ಎಂದಳು. ನಾನು ಉಂಟು ಎಂದೆ. ನಿಜಕ್ಕೂ ನನಗೆ ಹುಡುಗಿಯ ಮುಖವೂ, ದೂಮಣ್ಣನ ಮುಖವೂ ನೆನಪಿರಲಿಲ್ಲ.

ಹೊರಟ ದಿನ

ಬೆಳಿಗ್ಗೆ ಮಾರುಕಟ್ಟೆಯ ಇನ್‌ಸ್ಪೆಕ್ಟರು ಬಂದು ಅರಗು ಒಡೆದು ಹೊಸ ಬೀಗ ತೆಗೆದುಕೊಂಡು ಹೋದರು. ಹಳೆಯ ಬೀಗ ಉಳಿಯಿತು. ನನ್ನ ರೈಲಿಗೆ ಇನ್ನೂ ಹೊತ್ತಿತ್ತು. ಸಂಕಪ್ಪ ಎಲ್ಲಿಗೋ ಹೋಗಿದ್ದವನು ಬಂದ. ಅವನ ಕಂಕುಳಲ್ಲಿ ಒಂದು ಕೊಡೆ.

ಹೊಸ ಕೊಡೆ. ಬಟ್ಟೆಯ ಗಂಜಿಯ ವಾಸನೆ ಇನ್ನೂ ಹೋಗಿರಲಿಲ್ಲ. ಅವನು ನನ್ನ ಕಡೆ ನೋಡದೆ ಅದರ ಹಿಡಿಯನ್ನು ಮಾರುಕಟ್ಟೆಯ ಕಲ್ಲುಕಂಬಕ್ಕೆ ತಿಕ್ಕಿದ, ತುದಿಯನ್ನು ಚರಂಡಿಯ ಕೆಸರಿಗೆ ಅದ್ದಿ ಒರಸಿದ. ಹಿತ್ತಾಳೆಯ ಬೀಗ ತೆಗೆದು ಒಳಗೆ ಹೋಗಿ, ಒಲೆಯಿಂದ ಒಂದು ಹಿಡಿ ತಣ್ಣಗಿನ ಬೂದಿ ತೆಗೆದು ಬಟ್ಟೆಯ ಮಡಿಕೆಗಳಿಗೆ ತಟ್ಟಿದ. ಆಮೇಲೆ ಗೋಡೆಯ ಮೊಳೆಗೆ ಅದನ್ನು ತೂಗುಹಾಕಿದ. ಇದೆಲ್ಲವನ್ನೂ ಕಂಡದ್ದು ನಾನೇ. ಇದರಲ್ಲಿ ನನಗೆ ಅನುಮಾನವಿಲ್ಲ.

ಬೀಗದ ಕೈಯನ್ನು ಮುಂದಿನ ಹಲಗೆಯ ಮೇಲಿಟ್ಟು ಹೊರಗೆ ಬಂದು ನಿಂತ.

ಪೊಡಿಮೆನಿಕೆ ಬಂದಳು. ಹಲಗೆಯ ಮೇಲಿದ್ದ ಬೀಗದ ಕೈ ನೋಡಿದಳು, ತೆಗೆದುಕೊಂಡಳು. ಒಳಗೆ ಹೋದಳು. ಮೊಳೆಯಲ್ಲಿದ್ದ ಕೊಡೆಯನ್ನು ನೋಡಿದಳು. ಕೈಯಿಂದ ಅದನ್ನು ಮುಟ್ಟಿದಳು. ಬೆರಳಿಗೆ ಬೂದಿ ಹತ್ತಿತು. ಆ ಬೆರಳನ್ನು ಅವಳು ಸೀರೆಗೆ ಒರಸಿಕೊಳ್ಳಲಿಲ್ಲ. ಹಾಗೆಯೇ ಬಗ್ಗಿ ಒಲೆಗೆ ಸೌದೆ ಜೋಡಿಸತೊಡಗಿದಳು. ಬೆಂಕಿ ಹತ್ತಿದ ಮೇಲೆ ತಲೆ ಎತ್ತದೆ ಏನೋ ಹೇಳಿದಳು.

"ಎಂತ ಹೇಳಿದಳು?" ಎಂದು ಸಂಕಪ್ಪನನ್ನು ಕೇಳಿದೆ.

"ಅತ್ತೆ ಹಾಲು ತರ್ಲಿಕ್ಕೆ ಹೇಳಿದ್ರು."

ಮಳೆ ಜೋರಾಗಿತ್ತು. ಸಂಕಪ್ಪ ಒಳಗೆ ಹೋಗಿ ಹಾಲಿನ ಪಾತ್ರೆ ತೆಗೆದುಕೊಂಡ. ಕೊಡೆ ಅವನ ಭುಜದ ಹತ್ತಿರವೇ ತೂಗುತ್ತಿತ್ತು. ಅವನು ಅದನ್ನು ಮುಟ್ಟಲಿಲ್ಲ. ಮೂಲೆಯಲ್ಲಿದ್ದ ಗೋಣಿಯೊಂದನ್ನು ಕೊಡವಿ ತಲೆಗೆ ಹಾಕಿಕೊಂಡು ಮಳೆಗೆ ಇಳಿದ.